ಹಿಂದೀಪವಿಲ್ಲದ ಟ್ರೇಲರ್

ಕಬ್ಬಿನ ಹಂಗಾಮು ಬಂತೆಂದರೆ ಮಂಡ್ಯ ಸೀಮೆಯ ಕೊನೇ ಬಸ್ಸಿನ ಡ್ರೈವರು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡೇ ಓಡಿಸಬೇಕು. ಮುಂದಿನ ಟ್ರೇಲರಿನ ಹಿಂದೀಪ ಉರಿಯೋದಿಲ್ಲ. ಉರಿದರೂ ಜೋತುಬಿದ್ದ ಜಲ್ಲೆ ಮುಚ್ಚಿರುತ್ತೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಕೆಂಪು ದೀಪ, ರಿಫ್ಲೆಕ್ಟರ್ ಎಲ್ಲಾ ಇದೆ, ಕಾಗದದ ಮೇಲೆ.

ಬಹಳ ಸಲ ರೋಗ ಬಲ್ಬಿನದಲ್ಲ, ಅರ್ತಿನದು. ಕೊಂಡಿಯ ಪಿನ್ನನ್ನೇ ಅರ್ತ್ ಮಾಡಿ ಕೈತೊಳೆದುಕೊಳ್ಳುತ್ತಾರೆ. ತುಕ್ಕು, ಕೆಸರು ಸೇರಿತೋ, ದೀಪ ಕಣ್ಣುಮುಚ್ಚಾಲೆ ಆಡುತ್ತೆ. ಏಳು ಪಿನ್ನಿನ ಸಾಕೆಟ್ ಹಾಕಿ, ಅರ್ತಿಗೆ ಬೇರೆಯೇ ವೈರ್ ಎಳೆದು, ಪೈಪಿನೊಳಗೆ ತೂರಿಸಿದರೆ ಬಾಳಿಕೆ ಬರುತ್ತೆ. ಎರಡು ಟ್ರೇಲರ್ ಕಟ್ಟಿದ್ದರೆ ಕೊನೆಯದಕ್ಕೂ ಎಳೀಬೇಕು ಸ್ವಾಮಿ, ಹಿಂದೆ ಬರೋವನಿಗೆ ಕಾಣೋದು ಅದೇ!

ಇನ್ನು ಬ್ರೇಕು. ಅಮೆರಿಕದ ಎಷ್ಟೋ ಟ್ರೇಲರುಗಳಲ್ಲಿ ಕರೆಂಟು ಹರಿದರೆ ಚಕ್ರದೊಳಗಿನ ಮ್ಯಾಗ್ನೆಟ್ಟೇ ಬ್ರೇಕು ಹಿಡಿಸುತ್ತೆ. ನಮ್ಮಲ್ಲಿ ಇಳಿಜಾರಿನಲ್ಲಿ ಅಷ್ಟೂ ಹೊರೆ ತಡೆಯೋದು ಹೆಚ್ಚಾಗಿ ಟ್ರ್ಯಾಕ್ಟರಿನ ಬ್ರೇಕೊಂದೇ. ಸಾರಿಗೆ ಇಲಾಖೆಯವರು ಹಂಗಾಮಿಗೆ ಮೊದಲೇ ಇವನ್ನು ಸಾಲಾಗಿ ನಿಲ್ಲಿಸಿ ನೋಡಬಾರದೇಕೆ?