ಕುಲ ಹೆಚ್ಚೋ, ಕೈಗೆಲಸ ಹೆಚ್ಚೋ?

ಹಳೆಯ ವಸ್ತುಗಳನ್ನು ಸಂಗ್ರಹಿಸುವವರಲ್ಲಿ ಒಂದು ವಾಡಿಕೆಯುಂಟು. ವಸ್ತು ಹೇಗಿದೆ ಎಂದು ನೋಡುವುದಕ್ಕೆ ಮೊದಲು, ಅದು ಎಲ್ಲಿ ಹುಟ್ಟಿತು ಎಂದು ಕೇಳುತ್ತಾರೆ. ಇದು ಎಷ್ಟರಮಟ್ಟಿಗೆ ಸರಿ ಎಂಬುದನ್ನು ಇಂಗ್ಲೆಂಡಿನ ಎರಡು ಮೋಟಾರು ಸೈಕಲುಗಳನ್ನು ಮುಂದಿಟ್ಟುಕೊಂಡು ವಿಚಾರಿಸುವುದು ಈ ಲೇಖನದ ಉದ್ದೇಶ. ಒಂದು ಬಿ.ಎಸ್.ಎ. ಗೋಲ್ಡ್ ಸ್ಟಾರ್, ಇನ್ನೊಂದು ಟ್ರೈಟನ್.

ಎರಡನೆಯ ಮಹಾಯುದ್ಧ ಮುಗಿದು ಹತ್ತು ವರ್ಷ ಕಳೆಯುವ ಹೊತ್ತಿಗೆ ಅಲ್ಲಿನ ದುಡಿಯುವ ತರುಣರ ಕೈಯಲ್ಲಿ ನಾಲ್ಕು ಕಾಸು ಓಡಾಡತೊಡಗಿತು. ಕಾರು ಕೈಗೆಟುಕದು; ಮೋಟಾರು ಸೈಕಲು ಕಂತಿನ ಮೇಲೆ ಸಿಕ್ಕುತ್ತಿತ್ತು. ಲಂಡನ್ನಿನ ಏಸ್ ಕೆಫೆಯಂಥ ಹೋಟೆಲುಗಳಲ್ಲಿ ಅವರು ಕೂಡುತ್ತಿದ್ದರು. ಅಲ್ಲಿಂದ ಹೊರಟು ಗಂಟೆಗೆ 100 ಮೈಲಿ ಮುಟ್ಟುವುದೇ ಅವರ ಹೆಗ್ಗಳಿಕೆ. 'ಕೆಫೆ ರೇಸರ್' ಎಂಬ ಹೆಸರು ಹುಟ್ಟಿದ್ದು ಹೀಗೆ. ತಗ್ಗಿದ ಹ್ಯಾಂಡಲು, ಹಿಂದಕ್ಕೆ ಸರಿದ ಕಾಲ್ಮೆಟ್ಟು, ಬೇಡದ ತಗಡನ್ನೆಲ್ಲ ಕಳಚಿದ ಮೈ, ಇವು ಅದರ ಲಕ್ಷಣಗಳು.

ಗೋಲ್ಡ್ ಸ್ಟಾರ್ ಕುಲೀನ ಯಂತ್ರ. 1937ರಲ್ಲಿ ಬ್ರೂಕ್‌ಲ್ಯಾಂಡ್ಸ್ ಪಂದ್ಯದ ಹಾದಿಯಲ್ಲಿ ವಾಲ್ ಹ್ಯಾಂಡ್ಲೆ ಎಂಬಾತ ಬಿ.ಎಸ್.ಎ. ಏರಿ 100 ಮೈಲಿಗೂ ಮಿಕ್ಕಿದ ವೇಗದಲ್ಲಿ ಸುತ್ತು ಹಾಕಿ ಚಿನ್ನದ ನಕ್ಷತ್ರದ ಬಿಲ್ಲೆ ಗೆದ್ದನು. ಹೆಸರು ಬಂದದ್ದು ಅದರಿಂದ. 1956ರಲ್ಲಿ ಬಂದ ಡಿ.ಬಿ.ಡಿ. 34 ಮಾದರಿಯದು 499 ಸಿ.ಸಿ.ಯ ಒಂಟಿ ಸಿಲಿಂಡರು. ವೇಗ ಸುಮಾರು 110 ಮೈಲಿ. 1963ರಲ್ಲಿ ತಯಾರಿಕೆ ನಿಂತಿತು. ಆದರೆ ಪಂದ್ಯಕ್ಕೆಂದು ಹದಗೊಳಿಸಿದ ಇದರ ಮೊದಲನೆಯ ಗೇರೇ ಸುಮಾರು 60 ಮೈಲಿಯವರೆಗೆ ಎಳೆಯುತ್ತದೆ. ಆದ್ದರಿಂದ ಪೇಟೆಯ ಸಂದಣಿಯಲ್ಲಿ ಕ್ಲಚ್ಚನ್ನು ಅರೆಬರೆ ಹಿಡಿದೇ ನಡೆಸಬೇಕು. ನಿಂತಲ್ಲಿ ನೆಮ್ಮದಿಯಾಗಿ ಗುನುಗುವ ಗುಣ ಅದರ ಕಾರ್ಬುರೇಟರಿಗಿಲ್ಲ.

ಟ್ರೈಟನ್ನನ್ನು ಯಾವ ದೊಡ್ಡ ಕಾರ್ಖಾನೆಯೂ ಹೆರಲಿಲ್ಲ. ನಾರ್ಟನ್ನಿನ ಚೌಕಟ್ಟು, ಟ್ರಯಂಫಿನ ಎಂಜಿನ್ನು ಕೂಡಿಸಿದರೆ ಟ್ರೈಟನ್. ಬೆಲ್‌ಫಾಸ್ಟಿನ ರೆಕ್ಸ್ ಮೆಕ್ಯಾಂಡ್ಲೆಸ್ ಯೋಜಿಸಿ 1950ರಲ್ಲಿ ಪಂದ್ಯಕ್ಕಿಳಿದ ಆ ಚೌಕಟ್ಟಿಗೆ 'ಫೆದರ್‌ಬೆಡ್' ಎಂದು ಹೆಸರು. ನಮ್ಮ ಕವಿಗಳ ಮಾತಿನಲ್ಲಿ ಹೇಳುವುದಾದರೆ ಹಂಸತೂಲಿಕಾತಲ್ಪ. ಸಣ್ಣ ರೇಸು ಕಾರುಗಳವರಿಗೆ ನಾರ್ಟನ್ನಿನ ಎಂಜಿನ್ನು ಬೇಕಾಗಿತ್ತು. ಅದು ಬಿಡಿಯಾಗಿ ಸಿಕ್ಕದ್ದರಿಂದ ಇಡೀ ಗಾಡಿಯನ್ನೇ ಕೊಂಡು ಚೌಕಟ್ಟನ್ನು ಬಿಟ್ಟುಬಿಡುತ್ತಿದ್ದರು. ಒಬ್ಬರು ಬೇಡವೆಂದದ್ದನ್ನು ಇನ್ನೊಬ್ಬರು ಎತ್ತಿಕೊಂಡು ಟ್ರಯಂಫಿನ ಜೋಡಿ ಸಿಲಿಂಡರಿನ ಎಂಜಿನ್ನು ಕೂರಿಸಿದರು. ಇದನ್ನು ಬೀದಿಯ ಆಟವೆಂದು ನಗುವವರು 1965ನ್ನು ನೆನೆಯಬೇಕು. ಆ ವರ್ಷ ಬಾರ್ಸಿಲೋನಾದ 24 ಗಂಟೆಗಳ ಪಂದ್ಯವನ್ನು ಡೇವ್ ಡೀಜೆನ್ಸ್, ರೆಕ್ಸ್ ಬುಚರ್ ಇಬ್ಬರೂ ಟ್ರೈಟನ್ ಮೇಲೆಯೇ ಗೆದ್ದರು.

ಸಂಗ್ರಾಹಕರ ವಾದವನ್ನು ಹಗುರವಾಗಿ ತಳ್ಳುವಂತಿಲ್ಲ. ಗೋಲ್ಡ್ ಸ್ಟಾರಿನ ಎಂಜಿನ್ನಿಗೂ ಚೌಕಟ್ಟಿಗೂ ಅಂಕಿಗಳುಂಟು; ಅವನ್ನು ಹಳೆಯ ದಾಖಲೆಗಳೊಡನೆ ತಾಳೆ ನೋಡಬಹುದು. ಟ್ರೈಟನ್ನಿಗೆ ಅಂಥ ಜಾತಕವಿಲ್ಲ. ಒಂದರಂತೆ ಇನ್ನೊಂದಿಲ್ಲ, ಕಟ್ಟಿದವನ ಕೈ ಒರಟಾಗಿದ್ದರೆ, ಸರಪಳಿಯ ಸಾಲು ತಪ್ಪಿದ್ದರೆ, ಸವಾರನ ಜೀವಕ್ಕೇ ಸಂಚಕಾರ. ಇದನ್ನು ಒಪ್ಪುತ್ತೇನೆ. ಆದರೆ ಸಾಧಾರಣ ಬಿ.ಎಸ್.ಎ. ಗಾಡಿಗಳಿಗೆ ವೇಷ ತೊಡಿಸಿ ಗೋಲ್ಡ್ ಸ್ಟಾರ್ ಎಂದು ಮಾರುವುದೂ ಉಂಟಷ್ಟೆ. ಕುಲಕ್ಕೆ ಬೆಲೆ ಕಟ್ಟಿದಲ್ಲೆಲ್ಲ ಸುಳ್ಳು ಕುಲವೂ ಹುಟ್ಟುತ್ತದೆ. ಟ್ರೈಟನ್ ತಾನಲ್ಲದ್ದನ್ನು ತಾನೆಂದು ಹೇಳಿಕೊಳ್ಳುವುದಿಲ್ಲ. ಅದನ್ನು ಕೊಳ್ಳುವವನು ಕಾಗದವನ್ನಲ್ಲ, ಬೆಸುಗೆಯನ್ನು ನೋಡಬೇಕಾಗುತ್ತದೆ. ಪರೀಕ್ಷೆಗೆ ಅದೇ ಒಳ್ಳೆಯ ಕ್ರಮವಲ್ಲವೇ?

ಆದುದರಿಂದ ನನ್ನ ಅಭಿಪ್ರಾಯ ಇಷ್ಟು: ಕಾರ್ಖಾನೆಯ ಚರಿತ್ರೆಯನ್ನು ಕಾಪಾಡಬೇಕೆನ್ನುವವನು ಗೋಲ್ಡ್ ಸ್ಟಾರನ್ನು ಇಟ್ಟುಕೊಳ್ಳಲಿ; ಅದರಲ್ಲಿ ಒಂದು ಮೊಳೆಯನ್ನೂ ಬದಲಿಸದಿರಲಿ. ಸವಾರಿ ಮಾಡುವವನಿಗೆ ಚೆನ್ನಾಗಿ ಕಟ್ಟಿದ ಟ್ರೈಟನ್ನೇ ಮೇಲು. ಕೆಫೆ ರೇಸರಿನ ನಿಜವಾದ ಚರಿತ್ರೆಯನ್ನು ಬಲ್ಲದ್ದೂ ಅದೇ. ಮೈಸೂರಿನ ಕಾರ್ಖಾನೆ 1996ರಲ್ಲಿ ಮುಚ್ಚಿದ ಮೇಲೂ ಯೆಜ್ದಿಗಳು ನಮ್ಮ ರಸ್ತೆಗಳಲ್ಲಿ ಓಡುತ್ತಿದ್ದರೆ, ಅದು ಹೆಸರಿಲ್ಲದ ಮೆಕ್ಯಾನಿಕ್ಕರ ಕೈಗುಣದಿಂದಲೇ.

ಮನೆತನದಲ್ಲಿ ಮೊದಲಿಗರಾಗಿ ಕಾಲೇಜಿನ ಮೆಟ್ಟಿಲು ಹತ್ತಿದವರು ಈ ಕಾಲೇಜಿನಲ್ಲಿ ನಾನೊಬ್ಬನೇ ಅಲ್ಲ. ನಮ್ಮನ್ನು ಅಳೆಯುವವರು ಎಲ್ಲಿಂದ ಬಂದಿರಿ ಎಂದು ಕೇಳಲಿ, ತಪ್ಪಿಲ್ಲ. ಆದರೆ ಹೇಗೆ ಓಡುತ್ತೀರಿ ಎಂಬುದನ್ನೂ ನಿಂತು ನೋಡಲಿ.