ಕೊಪ್ಪಳದಾಗ ನೋಡಾಕ ಏನೈತಿ ಅನ್ನುವವರಿಗೆ

ಸಂಜೆ ಕಟ್ಟೆ ಮೇಲೆ ಕೂತ ಹುಡುಗರ ಮೊಬೈಲು ಇಣುಕಿದರೆ ಅರ್ಧ ಯುರೋಪು ಅದರಲ್ಲೇ ಇರುತ್ತದೆ. ಒಬ್ಬನ ಕೈಯಲ್ಲಿ ರೋಮಿನ ಓಣಿ, ಇನ್ನೊಬ್ಬನ ಕೈಯಲ್ಲಿ ಅಲ್ಲಿಯ ಪಾರ್ಕು. ನೋಡಲಿ, ಬ್ಯಾಡ ಅನ್ನುವವರು ನಾವಲ್ಲ. ನೋಡಿ ಮುಗಿದ ಮೇಲೆ ಬರುವ ಮಾತಿಗೆ ನಮ್ಮ ತಕರಾರು: "ನಮ್ಮ ಕೊಪ್ಪಳದಾಗ ನೋಡಾಕ ಏನೈತಿ ಬಿಡಪಾ."

ಏನೈತಿ? ಗವಿಮಠದ ಜಾತ್ರೆಗೆ ಇರಕಲ್ಲಗಡದಿಂದ ಗಾಡಿ ಮಾಡಿಕೊಂಡು ಹೋಗುತ್ತೇವೆ. ತೇರು ನೋಡಿ, ದಾಸೋಹದಲ್ಲಿ ಉಂಡು, ಬೆಂಡು ಬೆತ್ತಾಸು ಕಟ್ಟಿಸಿಕೊಂಡು ಬರುತ್ತೇವೆ. ಅದೇ ಗುಡ್ಡದಲ್ಲಿ, ಕೊಡೆಯ ಹಾಗೆ ಚಾಚಿದ ಬಂಡೆಯ ಕೆಳಗೆ ಅಶೋಕ ಬರೆಸಿದ ಶಾಸನವಿದೆ. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. ರೋಮಿನ ಕೊಲೋಸಿಯಂ ಬಾಗಿಲು ತೆರೆದದ್ದು ಕ್ರಿ.ಶ. 80ರಲ್ಲಿ. ನಮ್ಮ ಬಂಡೆಯ ಬರಹ ಅದಕ್ಕಿಂತ 300 ವರ್ಷ ಹಳೆಯದು! ಅಶೋಕನ ಇನ್ನೊಂದು ಶಾಸನ ಪಾಲ್ಕಿಗುಂಡಿನಲ್ಲಿದೆ. ಅಲ್ಲೇ ಹತ್ತಿರ, ವರಾಂಗಚರಿತ ಬರೆದ ಜಟಾಸಿಂಹನಂದಿ ಮುನಿಯ ಪಾದಗಳನ್ನು ಕಲ್ಲಿನಲ್ಲಿ ಕೆತ್ತಿದ್ದಾರೆ. 9ನೇ ಶತಮಾನದ ಕವಿರಾಜಮಾರ್ಗ ತಿರುಳ್ಗನ್ನಡದ ಸೀಮೆ ಗುರುತಿಸುವಾಗ ಹೇಳುವ ನಾಲ್ಕು ಊರುಗಳಲ್ಲಿ ಕೊಪಣ, ಅಂದರೆ ನಮ್ಮ ಕೊಪ್ಪಳ, ಒಂದು. ನಮ್ಮ ಮಾತು ಕೇಳಿ "ಒರಟು ಭಾಷೆ" ಅಂತ ನಗುವ ಬೆಂಗಳೂರಿನವರಿಗೆ ಇದನ್ನು ಒಮ್ಮೆ ತಿಳಿಸಬೇಕು.

ಮೇಲೆ ಕೋಟೆ. 1790ರಲ್ಲಿ ಬ್ರಿಟಿಷರು, ನಿಜಾಮರು ಕೂಡಿ ಮುತ್ತಿಗೆ ಹಾಕಿದರೂ ತಿಂಗಳುಗಟ್ಟಲೆ ಜಗ್ಗದ ಕೋಟೆ. 1858ರಲ್ಲಿ ಮುಂಡರಗಿ ಭೀಮರಾಯ ಬ್ರಿಟಿಷರ ವಿರುದ್ಧ ಹೋರಾಡಿ ಪ್ರಾಣ ಬಿಟ್ಟದ್ದು ಇಲ್ಲಿಯೇ.

ಹಾಗಾದರೆ ರೋಮಿನಲ್ಲಿ ಇರುವುದೇನು, ನಮ್ಮಲ್ಲಿ ಇಲ್ಲದ್ದೇನು? ನಳ. ಅಲ್ಲಿ ಬೀದಿ ಬೀದಿಗೆ ಕುಡಿಯುವ ನೀರಿನ ನಳಗಳಿವೆ, 1870ರ ದಶಕದಿಂದ ಹಾಕುತ್ತ ಬಂದವು, ಈಗ ಎರಡು ಸಾವಿರಕ್ಕೂ ಹೆಚ್ಚು. ಅವುಗಳ ಬಾಗಿದ ಕೊಳವೆ ನೋಡಿ ಜನ "ದೊಡ್ಡ ಮೂಗು" ಅನ್ನುತ್ತಾರೆ. ದುಡ್ಡು ಕೇಳುವವರಿಲ್ಲ. ವಿಡಿಯೋದಲ್ಲಿ ಕಾಣುವ ಬೋರ್ಗೇಸೆ ಪಾರ್ಕು ಒಂದು ಕಾಲಕ್ಕೆ ದೊಡ್ಡ ಮನೆತನದ ಖಾಸಗಿ ತೋಟ. 1901ರಲ್ಲಿ ಸರ್ಕಾರ ಅದನ್ನು ಕೊಂಡಿತು, 1903ರಲ್ಲಿ ನಗರಕ್ಕೆ ಬಿಟ್ಟುಕೊಟ್ಟಿತು. ಅಂದರೆ ಆ ನೆರಳು ತಾನಾಗಿ ಬಂದದ್ದಲ್ಲ. ಯಾರೋ ರೊಕ್ಕ ಇಟ್ಟರು.

ನಮ್ಮಲ್ಲಿ ರೊಕ್ಕ ಇಡುವ ಮಾತು ಬಂದರೆ "ಅಲ್ಲಿಗೆ ಜನಾನೇ ಬರೂದಿಲ್ರಿ" ಅನ್ನುತ್ತಾರೆ. ಜಾತ್ರೆಗೆ ಲಕ್ಷಗಟ್ಟಲೆ ಬರುವವರು ಜನ ಅಲ್ಲವೇ? ಅದರಲ್ಲಿ ನೂರಕ್ಕೆ ಒಬ್ಬರನ್ನು ಶಾಸನದ ತನಕ ಕರೆದೊಯ್ಯಲು ಒಂದು ಒಳ್ಳೆ ದಾರಿ, ಓದಿದರೆ ಅರ್ಥವಾಗುವ ಕನ್ನಡದ ಫಲಕ, ಕುಡಿಯುವ ನೀರು, ಹೆಣ್ಣುಮಕ್ಕಳಿಗೆ ಶೌಚಾಲಯ ಸಾಕು. ಸೆಲ್ಫಿ ಪಾಯಿಂಟ್ ಅಂತ ಬಣ್ಣದ ಅಕ್ಷರ ನಿಲ್ಲಿಸುವುದಕ್ಕೆ ಮಾತ್ರ ಎಲ್ಲೆಡೆ ದುಡ್ಡು ಹುಟ್ಟುತ್ತದೆ, ಅದು ಹೇಗೋ!

"ಹೊಲಕ್ಕ ಮಳಿ ಇಲ್ಲ, ಕಲ್ಲು ನೋಡಿ ಹೊಟ್ಟಿ ತುಂಬತೈತೇನು?" ಅಂತ ಹಿರಿಯರು ಕೇಳುತ್ತಾರೆ. ಸರಿಯಾದ ಪ್ರಶ್ನೆ. ಆದರೆ ಅಜ್ಜ, ನೀವೇ ಹೇಳ್ರಿ: ಪಹಣಿ ತಿದ್ದಿಸಲು ಕೊಪ್ಪಳಕ್ಕೆ ಹೋದಾಗ "ಸಾಹೇಬ್ರು ಊಟಕ್ಕ ಹೋಗ್ಯಾರ, ಮೂರಕ್ಕ ಬರ್ರಿ" ಅಂದರೆ ಎಲ್ಲಿ ಕೂಡುತ್ತೀರಿ? ಬಸ್‌ ಸ್ಟ್ಯಾಂಡಿನಲ್ಲಿ, ಇಲ್ಲವೇ ಕಚೇರಿಯ ಮೆಟ್ಟಿಲ ಮೇಲೆ. ದವಾಖಾನೆಗೆ ಬಂದ ಬಾಣಂತಿಯ ತಾಯಿ ಬುತ್ತಿ ಬಿಚ್ಚುವುದೆಲ್ಲಿ? ಪಾರ್ಕು ಅಂದರೆ ಪೇಟೆಯವರ ವಾಕಿಂಗ್ ಜಾಗ ಅಂತ ನಾವೇ ಒಪ್ಪಿಕೊಂಡುಬಿಟ್ಟಿದ್ದೇವೆ. ಪೇಟೆಯವರಿಗೆ ಕೂಡಲು ಮನೆ ಇದೆ. ಪೇಟೆಯಲ್ಲಿ ಕೂಡಲು ಜಾಗ ಇಲ್ಲದವರು ನಾವು, ಹಳ್ಳಿಯವರು. ಕೋಟೆಯ ಬುಡದಲ್ಲಿ ಹತ್ತು ಬೇವಿನ ಗಿಡ, ನಾಲ್ಕು ಕಟ್ಟೆ ಕೇಳುವ ಹಕ್ಕು ಮೊದಲು ನಮ್ಮದು.

ಇನ್ನು ಶಾಲೆಯ ಟ್ರಿಪ್ಪು. ಪ್ರತಿ ವರ್ಷ ಮೈಸೂರು, ಇಲ್ಲವೇ ಮಂಗಳೂರು ಕಡೆ. ರೊಕ್ಕ ಕೊಡಲಾಗದ ಮನೆಯ ಮಕ್ಕಳು ಆ ಮೂರು ದಿನ ದನ ಕಾಯುತ್ತಾರೆ. ಅಷ್ಟು ದೂರ ಯಾಕೆ? ಹಿರೇಬೆಣಕಲ್ಲಿನ ಗುಡ್ಡದ ಮೇಲೆ ಬೃಹತ್ ಶಿಲಾಯುಗದ ಕಲ್ಲಿನ ಮನೆಗಳು ನೂರಾರು ಇವೆ, 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿ ಸೇರಿವೆ. ಇಟಗಿಯಲ್ಲಿ 1112ರ ಮಹಾದೇವ ದೇವಾಲಯ ಇದೆ. ಬೆಳಿಗ್ಗೆ ರೊಟ್ಟಿ ಕಟ್ಟಿಕೊಂಡು ಹೋದರೆ ಸಂಜೆಗೆ ಮನೆ. ಒಂದು ಮಗುವೂ ಹಿಂದೆ ಉಳಿಯುವುದಿಲ್ಲ. ಎಸ್‌ಡಿಎಂಸಿ ಸಭೆಯಲ್ಲಿ ಇದನ್ನು ಎತ್ತಲು ಯಾವ ಸಾಹೇಬರ ಅಪ್ಪಣೆಯೂ ಬೇಡ.

ಮುಂದಿನ ಜಾತ್ರೆಗೆ ಹೋದಾಗ ಊಟಕ್ಕೆ ಮೊದಲು ಬಂಡೆಯ ತನಕ ಹತ್ತಿಬರ್ರಿ, ಬಿಸಿಲು ಏರಿದರೆ ಕಷ್ಟ. ನೀರು ಮನೆಯಿಂದಲೇ ಒಯ್ಯಿರಿ. ಬಂಡೆಯ ಮೇಲೆ ಸುಣ್ಣದಲ್ಲಿ ಹೆಸರು ಬರೆಯುವವರು ಕಂಡರೆ ಕೈ ಹಿಡಿದು ನಿಲ್ಲಿಸ್ರಿ.