ಬರಹದ ಹೊರಗುತ್ತಿಗೆ: ಕೊಡಬಹುದಾದದ್ದು, ಕೊಡಬಾರದ್ದು

ತಾನು ಮಾಡುವುದು ಉತ್ತಮ, ಮಗ ಮಾಡುವುದು ಮಧ್ಯಮ, ಆಳು ಮಾಡುವುದು ಹಾಳು ಎಂಬ ಗಾದೆಯನ್ನು ನಾವೆಲ್ಲ ಕೇಳಿ ಬೆಳೆದವರು. ಆದರೆ ಇಂದಿನ ಯಾವ ಸಂಸ್ಥೆಯೂ ಈ ಗಾದೆಯಂತೆ ನಡೆಯಲಾರದು. ನಾವು ದುಡಿಯುವ ಸರ್ಕಾರಿ ಕಚೇರಿಗಳಲ್ಲಿ ಮೊದಲು ಕಾವಲು ಹೊರಗುತ್ತಿಗೆಗೆ ಹೋಯಿತು, ಬಳಿಕ ಸ್ವಚ್ಛತೆ, ಆಮೇಲೆ ಬೆರಳಚ್ಚು. ಈಗ ಜಾಲತಾಣದ ಬರಹದ ಸರದಿ. ವ್ಯಾಪಾರಿ ಸಂಸ್ಥೆಗಳು ಈ ದಾರಿಯನ್ನು ಬಹುಕಾಲದ ಹಿಂದೆಯೇ ಹಿಡಿದಿವೆ. ನಮ್ಮ ಹೊರನಾಡ ಕನ್ನಡ ಸಂಘಗಳೂ ಅತ್ತ ಮುಖ ಮಾಡಿವೆ. ಇದು ಸರಿಯೇ ಎಂದು ಕೇಳುವುದಕ್ಕಿಂತ, ಇದರಲ್ಲಿ ಯಾವುದನ್ನು ಕೊಡಬಹುದು, ಯಾವುದನ್ನು ಕೊಡಬಾರದು ಎಂದು ಕೇಳುವುದು ಲೇಸು.

ಹಣ ಕೊಟ್ಟು ಬರೆಯಿಸುವುದು ಅವಮಾನದ ಸಂಗತಿಯಲ್ಲ. ನಮ್ಮ ಪರಂಪರೆಯಲ್ಲಿ ಅದಕ್ಕೆ ಗೌರವದ ಸ್ಥಾನವೇ ಇದೆ. ತರೀಕೆರೆ ಬಳಿಯ ಅಮೃತಾಪುರದ ದೇವಾಲಯದಲ್ಲಿರುವ ಶಾಸನವನ್ನು ರಚಿಸಿದವನು ‘ಯಶೋಧರ ಚರಿತೆ’ಯ ಕವಿ ಜನ್ನ. ಪದ್ಯ ಕಟ್ಟಿದವನು ಇಂಥವನು, ಕಲ್ಲಿನಲ್ಲಿ ಕಂಡರಿಸಿದವನು ಇಂಥವನು ಎಂದು ಎಷ್ಟೋ ಶಾಸನಗಳು ಕೊನೆಯಲ್ಲಿ ಹೆಸರಿಸುತ್ತವೆ. ಮುಂಬಯಿಯ ದೊಡ್ಡ ಅಂಚೆ ಕಚೇರಿಯ ಎದುರು ಕುಳಿತು ವಲಸೆ ಬಂದವರಿಗೆ ಕಾಗದ ಬರೆದುಕೊಡುತ್ತಿದ್ದವರೂ ವೃತ್ತಿಪರ ಬರಹಗಾರರೇ. ಆದರೆ ಆ ಕಾಗದದ ಬರಹಗಾರ ಲೇಖನಿ ಎತ್ತುವ ಮೊದಲು ಎದುರಿಗೆ ಕುಳಿತವನ ಮಾತನ್ನು ಕೇಳುತ್ತಿದ್ದ. ಬರವಣಿಗೆ ಅವನದು, ಸಮಾಚಾರ ಹೇಳಿಸಿದವನದು. ಇಂದಿನ ಗುತ್ತಿಗೆ ಬರಹಗಾರನ ಎದುರು ಯಾರೂ ಕೂರುವುದಿಲ್ಲ. ಅವನ ಕೈಗೆ ಸಿಗುವುದು ವಿಷಯಗಳ ಒಂದು ಪಟ್ಟಿ, ಪದಗಳ ಒಂದು ಲೆಕ್ಕ, ಮುಗಿಸಬೇಕಾದ ಒಂದು ದಿನಾಂಕ.

ಆ ಪದಗಳ ಲೆಕ್ಕವನ್ನೇ ತುಸು ನೋಡೋಣ. ಪದಕ್ಕಿಷ್ಟು ಎಂಬ ದರ ಇಂಗ್ಲಿಷಿನ ಮಾರುಕಟ್ಟೆಯಿಂದ ಬಂದದ್ದು. ‘ಬರದಿದ್ದರೂ’ ಎಂಬ ನಮ್ಮ ಒಂದೇ ಪದದ ಅರ್ಥ ಹೇಳಲು ಇಂಗ್ಲಿಷಿಗೆ ಐದಾರು ಪದಗಳು ಬೇಕು. ವಿಭಕ್ತಿ, ಕಾಲ, ನಿಷೇಧ ಎಲ್ಲವನ್ನೂ ಪದದೊಳಗೇ ಅಡಗಿಸಿಕೊಳ್ಳುವ ಭಾಷೆ ಕನ್ನಡ. ಹೀಗಿರುವಾಗ ಬಿಗಿಯಾದ ಕನ್ನಡ ಬರೆದವನಿಗೆ ಕಡಿಮೆ ಕೂಲಿ, ಎಳೆದವನಿಗೆ ಹೆಚ್ಚು. ‘ಪರಿಶೀಲಿಸುತ್ತೇವೆ’ ಎಂಬ ಒಂದು ಪದ ‘ಪರಿಶೀಲನೆಯನ್ನು ಮಾಡುವ ಕಾರ್ಯವನ್ನು ಕೈಗೊಳ್ಳಲಾಗುವುದು’ ಎಂದು ನಾಲ್ಕಾದರೆ ಅದಕ್ಕೆ ಬರಹಗಾರನನ್ನು ದೂರಿ ಫಲವಿಲ್ಲ. ದರ ನಿಗದಿ ಮಾಡಿದವರನ್ನೇ ಕೇಳಬೇಕು.

ಇನ್ನು ನಮ್ಮ ಸಂಘಗಳ ವಿಚಾರ. ಪದಾಧಿಕಾರಿಗಳೆಲ್ಲ ಹಗಲೆಲ್ಲ ದುಡಿಯುವವರು. ಬರೆಯಲು ಅವರಿಗೆ ಬಿಡುವಿಲ್ಲ ಎಂಬ ಮಾತು ನಿಜ. ಹಣ ಕೊಟ್ಟರೆ ವಾರದೊಳಗೆ ಶುದ್ಧ ಕಾಗುಣಿತದ ‘ನಮ್ಮ ಬಗ್ಗೆ’ ಪುಟ ಸಿದ್ಧವಾಗುತ್ತದೆ ಎಂಬುದೂ ನಿಜ. ಆದರೆ ನಾಡು, ನುಡಿ, ಸಂಸ್ಕೃತಿಯ ಸೇವೆ ಎಂದು ಆರಂಭವಾಗುವ ಆ ಪುಟವನ್ನು ಪುಣೆಯ ಸಂಘಕ್ಕೂ ಅಂಟಿಸಬಹುದು, ಚೆನ್ನೈಯ ಸಂಘಕ್ಕೂ ಅಂಟಿಸಬಹುದು. ಹಗಲು ಹೋಟೆಲಿನಲ್ಲಿ ದುಡಿದ ಹುಡುಗರು ಮುಂಬಯಿಯ ಕನ್ನಡ ರಾತ್ರಿಶಾಲೆಗಳಲ್ಲಿ ಓದಿದ ಬಗೆ, ಬಾಡಿಗೆ ಕೋಣೆಯಲ್ಲಿ ಹುಟ್ಟಿದ ಗ್ರಂಥಾಲಯ, ನಾಟಕದ ಟಿಕೆಟು ಹಿಡಿದು ಮನೆಮನೆ ಅಲೆದವರ ನೆನಪು: ಇವು ಹೆಚ್ಚಾಗಿ ಇರುವುದು ಹಿರಿಯ ಸದಸ್ಯರ ಬಾಯಲ್ಲಿ. ಅವರು ಇಲ್ಲವಾದ ಮೇಲೆ ಯಾವ ದರಕ್ಕೂ ಅದು ಸಿಗುವುದಿಲ್ಲ.

ಆದುದರಿಂದ ಕೊಡಬಹುದಾದದ್ದು ಬರವಣಿಗೆಯ ಶ್ರಮ. ಕೊಡಬಾರದ್ದು ಹೇಳಬೇಕಾದ್ದೇನು ಎಂಬ ತೀರ್ಮಾನ. ವೃತ್ತಿಪರರನ್ನು ಕರೆಯೋಣ, ಆದರೆ ಮೊದಲು ಅವರನ್ನು ಹಿರಿಯರ ಎದುರು ಕೂರಿಸೋಣ, ಹಳೆಯ ನಡಾವಳಿ ಪುಸ್ತಕಗಳನ್ನೂ ಸ್ಮರಣ ಸಂಚಿಕೆಗಳನ್ನೂ ಅವರ ಮುಂದೆ ಇಡೋಣ. ಸಂಭಾವನೆಯನ್ನು ಪದಕ್ಕಲ್ಲ, ಲೇಖನಕ್ಕೆ ಗೊತ್ತುಮಾಡೋಣ. ಅತಿ ಕಡಿಮೆ ದರ ಹೇಳಿದವರಿಗೇ ಕೆಲಸ ಎಂಬ ಹಟ ಬೇಡ. 2017ರ ಸಾಮಾನ್ಯ ಹಣಕಾಸು ನಿಯಮಾವಳಿ ಸಹ ಸಮಾಲೋಚನಾ ಸೇವೆಗಳಲ್ಲಿ ಗುಣಮಟ್ಟವನ್ನೂ ವೆಚ್ಚವನ್ನೂ ಕೂಡಿಸಿ ತೂಗಲು ಅವಕಾಶ ಕೊಟ್ಟಿದೆ. ಕರಡನ್ನು ವಿಷಯ ಬಲ್ಲ ಸದಸ್ಯರೊಬ್ಬರು ಓದಿ ಒಪ್ಪಲಿ. ಬರೆದವರ ಹೆಸರನ್ನು ಪುಟದ ಕೆಳಗೆ ಹಾಕೋಣ. ಹಕ್ಕನ್ನು ಪರಭಾರೆ ಮಾಡಿದ ಮೇಲೂ ಕೃತಿ ತನ್ನದೆಂದು ಹೇಳಿಕೊಳ್ಳುವ ಅಧಿಕಾರವನ್ನು 1957ರ ಕೃತಿಸ್ವಾಮ್ಯ ಕಾಯಿದೆಯ 57ನೆಯ ಕಲಮು ಲೇಖಕನಿಗೇ ಉಳಿಸಿದೆ. ಹೆಸರು ನಮೂದಾಗುತ್ತದೆಂದು ತಿಳಿದವನು ಒಂದು ವಾಕ್ಯವನ್ನಾದರೂ ಹೆಚ್ಚು ತಿದ್ದುತ್ತಾನೆ.

ಮುಂದಿನ ಕಾರ್ಯಕಾರಿ ಸಭೆಯಲ್ಲಿ ಜಾಲತಾಣದ ವೆಚ್ಚ ಚರ್ಚೆಗೆ ಬಂದಾಗ, ದರಪಟ್ಟಿ ತೆರೆಯುವ ಮುನ್ನ ಒಂದು ಪ್ರಶ್ನೆ ಕೇಳೋಣ: ಬರೆಯುವವರಿಗೆ ಹೇಳುವುದಕ್ಕೆ ನಮ್ಮ ಬಳಿ ಏನಿದೆ, ಅದನ್ನು ಬಲ್ಲವರು ಯಾರು ಉಳಿದಿದ್ದಾರೆ?